ಮೂವತ್ತಾರು ಡೇರೆ

ಸಮಸ್ತ ನಿವಾಸಿಗಳ ಅವಗಾಹನೆಗೆ ಈ ಮೂಲಕ ತರಲಾಗುವುದೇನೆಂದರೆ, ಸಂಡೂರು ಗುಡ್ಡಗಳ ನೆತ್ತಿಯಲ್ಲಿರುವ ಕೆಂಗುಡ್ಡ ಗಣಿ ಕಾಲೋನಿಯ ಕ್ವಾರ್ಟರ್ಸ್ ನಂಬರ್ ಬಿ-17ರ ಮುಂದಿನ ತಂತಿಬೇಲಿಗೆ ಹೊಂದಿಕೊಂಡ ಗಿಡಗಳ ಸಾಲಿನಲ್ಲಿ, ಗೇಟಿನಿಂದ ನಾಲ್ಕನೆಯ ಗಿಡದ ತುದಿಯಲ್ಲಿ, ಜನವರಿ ಮೂರನೇ ತಾರೀಖು ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬಟಾಣಿ ಕಾಳಿನ ಗಾತ್ರದ ಒಂದು ಮೊಗ್ಗು ಕಾಣಿಸಿಕೊಂಡಿದೆ. ಸದರಿ ಮೊಗ್ಗು ಹಸಿರು ಬಣ್ಣದ್ದಾಗಿದ್ದು, ಅದರ ಆರೋಗ್ಯ ಸ್ಥಿರವಾಗಿದೆ.

ಈ ಪ್ರಕಟಣೆಯನ್ನು ಹೊರಡಿಸಿದ್ದು ಪಕ್ಕದ ಬಿ-18ರ ಯಲ್ಲಕ್ಕ. ಕಂಪನಿ ಕ್ಯಾಂಟೀನಿನ ಇಡ್ಲಿ ಪಾತ್ರೆಗೂ ಕಾಲೋನಿಯ ಸುದ್ದಿಗೂ ಒಂದೇ ಕಡ್ಡಿಯಲ್ಲಿ ಬೆಂಕಿ ಹಚ್ಚುವ ಹೆಂಗಸು. ಏಳು ಗಂಟೆಯ ಸ್ಟಾಫ್ ಬಸ್ಸು ಬರುವಷ್ಟರಲ್ಲಿ ಸ್ಟಾಪಿನಲ್ಲಿದ್ದ ಹದಿನಾಲ್ಕು ಮಂದಿಗೂ ವಿಷಯ ತಲುಪಿತ್ತು.

“ಏನೋ ಹುಲುಗೇಶಾ, ಮೊಗ್ಗಿಗೆ ಹೆಸರಿಟ್ಟಿಯೇನು?” ಎಂದು ಬೇಲಿಯಾಚೆಯಿಂದ ಕೇಳಿದಳು.

“ಸುಮ್ಕಿರಕ್ಕಾ, ದೃಷ್ಟಿ ಆಗತೈತಿ.”

“ನನ್ ದೃಷ್ಟಿ ಏನ್ ಮಾಡತೈತಲೇ? ಮೂರು ತಿಂಗಳಿಂದ ನೀನ ನುಂಗೋ ಹಂಗ ನೋಡಾಕತ್ತಿ. ಬಾರ್ಡರ್ ಕಾಯೋ ಮಿಲಿಟ್ರಿಯವ್ರಿಗಾದ್ರೂ ರಜಾ ಐತಿ, ನಿನಗ ಇಲ್ಲ.”

ಅವಳು ಹೇಳಿದ ಬಾರ್ಡರ್ ಎಂದರೆ ಬೇಲಿಗುಂಟ ಹೋಗುವ ಮೂವತ್ತು ಅಡಿ ಉದ್ದದ ಮಡಿ. ಅದರಲ್ಲಿ ಹದಿನೆಂಟರ ಎರಡು ಸಾಲು, ಒಟ್ಟು ಮೂವತ್ತಾರು ಗಿಡ. ಎಲ್ಲವೂ ಬಿಳಿ ಹೂವಿನವು. ಅದಿರು ಅಗೆಯುವ ಊರಿನಲ್ಲಿ ಬಿಳಿ ಹೂ ಬೆಳೆಯುವುದೆಂದರೆ ಹಿಟ್ಟಿನ ಗಿರಣಿಯಲ್ಲಿ ಕರಿ ಕೋಟು ಹಾಕಿಕೊಂಡು ನಿಂತ ಹಾಗೆ. ಹೊತ್ತು ಮುಳುಗುವುದರೊಳಗೆ ಅದಿರಿನ ಧೂಳಿಗೆ ಗಿಡಗಳೆಲ್ಲ ಕುಂಕುಮ ಎರಚಿದಂತೆ ಕೆಂಪಾಗಿರುತ್ತವೆ. ಬೆಳಿಗ್ಗೆ ಎದ್ದು ಹುಲುಗೇಶ ಒಂದೊಂದೇ ಎಲೆಗೆ ಮುಖ ತೊಳೆಸುತ್ತಾನೆ.

ಹುಲುಗೇಶನಿಗೆ ನಲವತ್ತೇಳು. ಡಂಪರ್ ರಿಪೇರಿ ಶೆಡ್ಡಿನಲ್ಲಿ ಮೆಕ್ಯಾನಿಕ್. ತಂಗಿಯರ ಮದುವೆ ಮಾಡಿ ತಿರುಗಿ ನೋಡುವಷ್ಟರಲ್ಲಿ ಅವನ ವಯಸ್ಸು ದಾಟಿ ಹೋಗಿತ್ತು. ನೂರು ಟನ್ ಹೊರುವ ಗಾಡಿಯ ಕೆಳಗೆ ಅಂಗಾತ ಮಲಗಿ, ಬರೀ ಕೆಮ್ಮು ಕೇಳಿ, ಎಲ್ಲಿ ನೋವಿದೆ ಎಂದು ಹೇಳಬಲ್ಲ. ಆದರೆ ಜಾಬ್ ಕಾರ್ಡ್ ಇಲ್ಲದೆ ಒಂದು ಬೋಲ್ಟನ್ನೂ ಮುಟ್ಟುವವನಲ್ಲ. ಇಂಥ ಗಾಡಿ, ಇಂಥ ದೂರು, ಇಂಥವರ ಸಹಿ ಎಂದು ಹಳದಿ ಚೀಟಿ ಬರಬೇಕು. ಬಂತೋ, ಗುಡ್ಡವನ್ನೇ ಬಿಚ್ಚಿ ಮತ್ತೆ ಜೋಡಿಸಿಯಾನು. ಈ ಶಿಸ್ತು ಅವನಿಗೆ ಶೆಡ್ಡಿನಲ್ಲಿ ಒಳ್ಳೆಯ ಹೆಸರು ತಂದಿತ್ತು. ಶೆಡ್ಡಿನ ಹೊರಗೆ ಏನನ್ನೂ ತಂದಿರಲಿಲ್ಲ. ಮನಸ್ಸಿನ ರಿಪೇರಿಗೆ ಜಾಬ್ ಕಾರ್ಡ್ ಕೊಡುವ ಸೆಕ್ಷನ್ ಕಂಪನಿಯಲ್ಲಿ ಇಲ್ಲ. ಅದಿರಿನ ಗುಡ್ಡದ ಮೇಲೆ ಇಪ್ಪತ್ತೈದು ವರ್ಷ ಕಳೆದವನ ಎದೆ ನಿಜವಾಗಿ ಅದಿರಿದ್ದು ಒಂದೇ ಸಲ. ಅದೂ ಬೇಲಿಯಾಚೆ ಮಣ್ಣು ಕೆದಕುತ್ತಿದ್ದ ಒಬ್ಬರನ್ನು ಕಂಡು.

ಯಲ್ಲಕ್ಕನಿಗಿಂತ ಮೊದಲು ಬಿ-18ರಲ್ಲಿ ಇದ್ದವರು ಸುಧಾರಾಣಿ ಟೀಚರ್. ಕಾಲೋನಿಯ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದರು. ತಾಯಿ ಸುಂಕಲಮ್ಮನ ಜೊತೆ ನಾಲ್ಕು ವರ್ಷ ಅಲ್ಲಿದ್ದರು. ಶಿವಮೊಗ್ಗದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲ್ ಅಂಗಳದಿಂದ ತಂದ ಗೆಡ್ಡೆಗಳನ್ನು ಬೇಲಿಗುಂಟ ನೆಟ್ಟಿದ್ದರು.

“ಇದಕ್ಕ ಡೇಲಿಯಾ ಅಂತಾರಲ್ರಿ?” ಹುಲುಗೇಶ ಅವರ ಜೊತೆ ಆಡಿದ ಮೊದಲ ಮಾತು ಅದು.

“ನರ್ಸರಿಯವ್ರು ಅಂತಾರ. ನೀವು ಡೇರೆ ಹೂ ಅನ್ರಿ. ಬಾಯಿ ತುಂಬತೈತಿ.”

“ಡೇರೆ ಅಂದ್ರ ಸರ್ಕಸ್ಸಿಂದಲ್ರೀ?”

“ಸರ್ಕಸ್ಸಿಂದೂ ಡೇರೆ, ಹೂವಿಂದೂ ಡೇರೆ. ಒಂದು ಹೆಸರು ಇಬ್ರಿಗಿದ್ರ ತಪ್ಪೇನ್ರಿ?”

ಆವತ್ತಿನಿಂದ ಹುಲುಗೇಶನ ಪಾಲಿಗೆ ಆ ಪದದೊಳಗಿನ ಸರ್ಕಸ್ಸು ಗಂಟುಮೂಟೆ ಕಟ್ಟಿ ಹೊರಟುಹೋಗಿ, ಹೂವಷ್ಟೇ ಉಳಿಯಿತು. ಇಡೀ ಕಾಲೋನಿ ಡೇಲಿಯಾ ಅನ್ನುವಾಗ ಅವನೊಬ್ಬ ಡೇರೆ ಅನ್ನುತ್ತಿದ್ದ. ಇನ್ನೊಂದು ಸಂಗತಿಯನ್ನೂ ಅವನು ಗಮನಿಸಿದ್ದ. ಟೀಚರ್ ಕಾಲೋನಿಯ ಗಂಡಸರನ್ನೆಲ್ಲ ಅಣ್ಣ ಎನ್ನುತ್ತಿದ್ದರು. ಸೆಕ್ಯುರಿಟಿಯವನು ಅಣ್ಣ, ಬಸ್ ಡ್ರೈವರ್ ಅಣ್ಣ, ನಿವೃತ್ತಿಗೆ ಎರಡು ತಿಂಗಳಿದ್ದ ಮ್ಯಾನೇಜರೂ ಅಣ್ಣ. ಇವನನ್ನು ಮಾತ್ರ “ಹುಲುಗೇಶ್” ಎಂದು ಕರೆದು ನಿಲ್ಲಿಸುತ್ತಿದ್ದರು. ಅಣ್ಣ ಇಲ್ಲದ ಆ ಖಾಲಿ ಜಾಗದಲ್ಲಿ ಅವನು ನಾಲ್ಕು ವರ್ಷ ಸಂಸಾರ ಮಾಡಿದ.

ಆಮೇಲೆ ಟೀಚರಿಗೆ ಸರ್ಕಾರಿ ನೌಕರಿ ಸಿಕ್ಕಿತು. ಕಂಪ್ಲಿ ಹತ್ತಿರದ ಮೆಟ್ರಿ ಹೈಸ್ಕೂಲು. ಸಾಮಾನು ತುಂಬಿದ ಟೆಂಪೋ ನಿಂತಿರುವಾಗ ಅವರು ಮೂರು ಗೆಡ್ಡೆಗಳನ್ನು ಹಳೇ ಪೇಪರಿನಲ್ಲಿ ಸುತ್ತಿ ಬೇಲಿಯ ಮೇಲಿಂದ ಕೊಟ್ಟರು.

“ಗೆಡ್ಡಿ ಎಷ್ಟು ದಪ್ಪ ಐತಿ ಅಂತ ನೋಡಬ್ಯಾಡ್ರಿ. ಕಣ್ಣು ಐತೇನು ನೋಡ್ರಿ. ಕಣ್ಣಿಲ್ಲದ್ದು ನೆಟ್ರ ನೀರು ಕುಡ್ಕೊಂತ ಒಳಗ ಕುಂತಿರತೈತಿ, ಮ್ಯಾಲ ಬರಂಗೇ ಇಲ್ಲ.”

“ನೋಡ್ಕೊಂತೀನ್ರಿ.”

“ಹೂ ಬಿಟ್ಟಾಗ ಹೇಳ್ರಿ. ಕಿತ್ತು ಕಳಸಬ್ಯಾಡ್ರಿ. ಗಿಡದ ಮ್ಯಾಲ ನೋಡಾಕ ನಾನ ಬರ್ತೀನಿ.”

ಒಳಗೆ ಕುಳಿತು ನೀರು ಕುಡಿಯುತ್ತಿರುವವನು ಯಾರು ಎಂಬ ಅನುಮಾನ ಹುಲುಗೇಶನಿಗೆ ಆಗ ಬರಲಿಲ್ಲ. ಆರು ವರ್ಷದಿಂದ ದಿನವೂ ಬರುತ್ತಿದೆ.

ಮೂರು ಗೆಡ್ಡೆ ವರ್ಷ ವರ್ಷವೂ ಮರಿ ಹಾಕಿ ಮೂವತ್ತಾರು ಗಿಡವಾದವು. ಆರು ವರ್ಷವೂ ಹೂ ಬಿಟ್ಟಿತು, ಆರು ವರ್ಷವೂ ಅವನು ಫೋನು ಮಾಡಿದ. ಸರ್ಕಾರಿ ಟೀಚರಿಗೆ ಪಾಠವೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸ ಇರುತ್ತದೆ ಎಂದು ಅವನಿಗೆ ಗೊತ್ತಾದದ್ದು ಹಾಗೆ. ಒಂದು ವರ್ಷ ಪಂಚಾಯ್ತಿ ಚುನಾವಣೆ, ಒಂದು ವರ್ಷ ಮನೆ ಎಣಿಸುವ ಕೆಲಸ, ಮತ್ತೊಂದು ವರ್ಷ ಸುಂಕಲಮ್ಮನ ಕಾಲು ಮುರಿತ. ಒಮ್ಮೆ ಫೋಟೋ ಕಳಿಸಿದ. “ಮಸ್ತ್ ಅದಾವ” ಎಂದು ಉತ್ತರ ಬಂತು. ಅದು ಹೂವಿನ ಬಗ್ಗೆಯೇ ಎಂದು ಖಾತ್ರಿಯಾಗಲು ಅವನಿಗೆ ಎರಡು ದಿನ ಬೇಕಾಯಿತು. ಇನ್ನೊಮ್ಮೆ ಅವರ ಮಾತು ಮೀರಿ, ಹನ್ನೆರಡು ಹೂ ಕೊಯ್ದು, ಒದ್ದೆ ಬಟ್ಟೆ ಸುತ್ತಿಕೊಂಡು ಬಸ್ಸು ಹತ್ತಿದ. ಗುಡ್ಡದ ತಂಪಿನಲ್ಲಿ ತಲೆ ಎತ್ತಿದ್ದ ಹೂಗಳು ಹೊಸಪೇಟೆಯ ಬಿಸಿಲಿಗೆ ಕತ್ತು ಬಗ್ಗಿಸಿ, ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ತೊಳೆದು ಹಿಂಡಿದ ಕರ್ಚೀಫುಗಳಾಗಿದ್ದವು. ಅಲ್ಲೇ ಒಂದು ಪ್ಲೇಟು ಮಿರ್ಚಿ ತಿಂದು ವಾಪಸ್ ಬಂದ. ಬರಿಗೈಯಲ್ಲಿ ಮೆಟ್ರಿಗೆ ಹೋಗಿ ಯಾಕೆ ಬಂದೆ ಎಂದು ಹೇಳುವುದು? ಜಾಬ್ ಕಾರ್ಡ್ ಎಲ್ಲಿದೆ?

“ಡೇರೆ ಬೆಳಿತಿ, ಡೇರ್ ಒಂದೂ ಇಲ್ಲ ನಿನಗ,” ಎಂದಿದ್ದಳು ಯಲ್ಲಕ್ಕ.

ಈ ವರ್ಷ ನವೆಂಬರಿನಲ್ಲಿ ನೋಟಿಸ್ ಬೋರ್ಡಿನ ಮೇಲೆ ಹೊಸ ಸರ್ಕ್ಯುಲರ್ ಬಿತ್ತು. ಜನವರಿ ಇಪ್ಪತ್ತಾರರ ಕೈತೋಟ ಸ್ಪರ್ಧೆಗೆ ಕಾಲೋನಿಯ ಅಧಿಕಾರಿಗಳ ಮಡದಿಯರೇ ತೀರ್ಪು ಕೊಟ್ಟು, ಅಧಿಕಾರಿಗಳ ಮನೆಗೇ ಬಹುಮಾನ ಹೋಗುವ ಪವಿತ್ರ ಪದ್ಧತಿಯ ಮೇಲೆ ಯಾರೋ ದೂರು ಕೊಟ್ಟಿದ್ದರು. ಆದ್ದರಿಂದ ಈ ಸಲ ಹೊರಗಿನ ತೀರ್ಪುಗಾರರು. ಹುಲ್ಲುಹಾಸು, ಕುಂಡ, ತರಕಾರಿ ವಿಭಾಗಗಳಿಗೆ ಯಾರು ಯಾರೋ. ‘ಬಾರ್ಡರ್ ವಿಭಾಗ: ಶ್ರೀಮತಿ/ಕುಮಾರಿ ಸುಧಾರಾಣಿ, ಕನ್ನಡ ಶಿಕ್ಷಕಿ, ಮೆಟ್ರಿ.’

ಶ್ರೀಮತಿಯೋ ಕುಮಾರಿಯೋ ಎಂದು ಕಂಪನಿಗೆ ಖಚಿತವಿರಲಿಲ್ಲ. ಹುಲುಗೇಶನಿಗೆ ಖಚಿತವಿತ್ತು. ಆ ಗೆರೆಯ ಮುಂದೆ ಐದು ನಿಮಿಷ ನಿಂತ.

ಆಗ ಹುಟ್ಟಿತು ಮಹಾಯೋಜನೆ. ಇಪ್ಪತ್ತಾರರ ಬೆಳಿಗ್ಗೆ ಹನ್ನೊಂದಕ್ಕೆ ಟೀಚರ್ ಕಂಪನಿಯ ಜೀಪಿನಲ್ಲಿ ಬಿ-17ರ ಮುಂದೆ ಇಳಿಯುತ್ತಾರೆ. ಮೂವತ್ತಾರೂ ಗಿಡದಲ್ಲಿ ಹೂ ತುಂಬಿರುತ್ತವೆ. ಪ್ರತಿ ಗಿಡದ ಮುಂದೆ ನಿಂತು ಅಂಕ ಕೊಡುವುದು ತೀರ್ಪುಗಾರರ ಕರ್ತವ್ಯ. ಪಕ್ಕದಲ್ಲಿ ನಿಂತು ವಿವರಿಸುವುದು ಸ್ಪರ್ಧಿಯ ಹಕ್ಕು. ಗೇಟಿನಿಂದ ಮೂಲೆಯವರೆಗೆ ಮೂವತ್ತು ಅಡಿ. ಅಷ್ಟು ದೂರದಲ್ಲಿ, ಹತ್ತು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡ ಒಂದು ವಾಕ್ಯ ಹೇಳಿ ಮುಗಿಸಬಹುದು. ‘ಇಲ್ಲೇ ಇದ್ಬಿಡ್ರಿ’ ಎಂಬುದು ಆ ವಾಕ್ಯ. ಮೂರು ಗಿಡ ದಾಟುವುದರೊಳಗೆ ಮುಗಿಯುತ್ತದೆ. ಮಿಕ್ಕ ಮೂವತ್ತಮೂರು ಧೈರ್ಯಕ್ಕೆ.

ಹೂವು ಕ್ಯಾಲೆಂಡರ್ ನೋಡಿ ಅರಳುವುದಿಲ್ಲ. ಅದಕ್ಕೆ ಕ್ಯಾಲೆಂಡರ್ ತೋರಿಸಬೇಕು. ಎಂಜಿನಿನ ಟೈಮಿಂಗ್ ಕೂರಿಸಿದ ಹಾಗೆ ಹುಲುಗೇಶ ಇಪ್ಪತ್ತಾರರಿಂದ ಹಿಂದಕ್ಕೆ ದಿನ ಎಣಿಸಿದ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದ. ಬಿದಿರು ಕಡ್ಡಿ ಊರಿ ಸೆಣಬಿನ ಹಗ್ಗದಿಂದ ಎಂಟರ ಆಕಾರದ ಗಂಟು ಹಾಕಿದ. ಒಂದೊಂದು ತುದಿಗೂ ಮೂರು ಮೊಗ್ಗು ಬಂದರೆ ನಡುವಿನದನ್ನು ಉಳಿಸಿ ಅಕ್ಕಪಕ್ಕದವನ್ನು ತೆಗೆದ. ತೆಗೆಯುವಾಗ ಪ್ರತಿಸಲವೂ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಬಿಸಿಲು ಜಾಸ್ತಿಯಾದ ದಿನ ಹಳೇ ಪಂಚೆ ಕಟ್ಟಿ ನೆರಳು ಮಾಡಿ ಮೊಗ್ಗುಗಳನ್ನು ತಡೆದ.

ಜನವರಿ ಎಂಟಕ್ಕೆ ಸ್ಪರ್ಧೆಯ ಫಾರಂ ತುಂಬಿದ. ಬೆಳೆಸಿರುವುದು ಏನು? ಇಂಗ್ಲಿಷ್ ಹೆಸರು ಬರೆಯಲು ಪೆನ್ನು ಎತ್ತಿದವನು ನಿಲ್ಲಿಸಿದ. ಈ ಫಾರಂ ಕೊನೆಗೆ ಹೋಗುವುದು ಅವರ ಕೈಗೆ. ಅವರು ಕಲಿಸಿದ ಪದವನ್ನು ಅವರು ಓದಲಿ. ‘ಡೇರೆ’ ಎಂದು ಬರೆದ. ಸಂಖ್ಯೆ: ಮೂವತ್ತಾರು. ಎತ್ತರ: ನಾಲ್ಕು ಅಡಿ. ಆಧಾರ: ಬಿದಿರು, ಹಗ್ಗ. ಎಷ್ಟು ವರ್ಷದಿಂದ: ಆರು. ಇಷ್ಟು ಸತ್ಯವಾದ ಫಾರಂ ಆ ಕಾಲೋನಿಯಲ್ಲಿ ಯಾರೂ ತುಂಬಿರಲಿಲ್ಲ.

ಹದಿನೇಳನೇ ತಾರೀಖು ಎಸ್ಟೇಟ್ ಸೆಕ್ಷನ್ನಿನಿಂದ ಲಕೋಟೆ ಬಂತು. ಬೇಲಿಯ ಹತ್ತಿರ ನಿಂತು ಹುಲುಗೇಶ ಗಟ್ಟಿಯಾಗಿ ಓದಿದ. ಯಲ್ಲಕ್ಕ ಕೇಳಿಸಿಕೊಂಡಳು.

“ತಾವು ದಿನಾಂಕ ಎಂಟರ ಅರ್ಜಿಯಲ್ಲಿ ಸ್ವಹಸ್ತದಿಂದ ಒಪ್ಪಿಕೊಂಡಿರುವಂತೆ, ಕ್ವಾರ್ಟರ್ಸ್ ಆವರಣದಲ್ಲಿ ನಾಲ್ಕು ಅಡಿ ಎತ್ತರದ ಮೂವತ್ತಾರು ಡೇರೆಗಳನ್ನು ಬಿದಿರು ಹಾಗೂ ಹಗ್ಗದ ಆಧಾರದಿಂದ ಆರು ವರ್ಷಗಳಿಂದ ಅನಧಿಕೃತವಾಗಿ ಹಾಕಿರುತ್ತೀರಿ. ಸದರಿ ಡೇರೆಗಳಲ್ಲಿ ವಾಸವಿರುವವರ ವಿವರ ಸಲ್ಲಿಸುವುದು. ಏಳು ದಿನದೊಳಗೆ ತೆರವುಗೊಳಿಸದಿದ್ದಲ್ಲಿ ಕಂಪನಿಯೇ ತೆರವುಗೊಳಿಸುವುದು. ನೋಟಿಸ್ ಬಾಕಿ ಇರುವ ಕ್ವಾರ್ಟರ್ಸ್ ಯಾವುದೇ ಸ್ಪರ್ಧೆಗೆ ಅರ್ಹವಲ್ಲ.”

ಯಲ್ಲಕ್ಕ ಮೊದಲು ಬಾಯಿಗೆ ಸೆರಗು ಹಿಡಿದಳು. ಹಿಡಿದದ್ದು ಸಾಕಾಗಲಿಲ್ಲ.

“ನಾಲ್ಕಡಿ ಡೇರೆದಾಗ ಯಾರು ಇರ್ತಾರಲೇ, ಕೋಳಿನಾ?”

“ಅಕ್ಕಾ, ನಗಬ್ಯಾಡ. ತೆರವು ಅಂದ್ರ ಕೀಳ್ತಾರ.”

ಅವಳ ನಗು ಅಲ್ಲಿಗೆ ನಿಂತಿತು. “ಹೋಗು. ಈಗ್ಲೇ ಹೋಗು,” ಎಂದಳು.

ಎಸ್ಟೇಟ್ ಸೆಕ್ಷನ್ನಿನ ಕ್ಲರ್ಕು ರಾಮಾಂಜಿನಿ. ರಾಯದುರ್ಗದ ಕಡೆಯವನು, ತೆಲುಗು ಮೀಡಿಯಮ್ಮು, ಬಂದು ಮೂರು ತಿಂಗಳು. ಕನ್ನಡ ಅಕ್ಷರಗಳನ್ನು ದೂರದ ನೆಂಟರನ್ನು ಗುರುತು ಹಿಡಿದಂತೆ ಓದುತ್ತಿದ್ದ. ಮನುಷ್ಯ ಒಳ್ಳೆಯವನು. ನಿಯಮ ತಪ್ಪದೆ ಒಳ್ಳೆಯವನು, ಅದೇ ಕಷ್ಟ.

“ಹೂವಾ?” ಎಂದು ಅವನು ಕನ್ನಡಕ ತೆಗೆದ. “ಅಯ್ಯೋ ರಾಮಾ! ನಮ್ ಕಡೆ ಡೇರಾ ಅಂದ್ರ ಟೆಂಟೇ ಸಾರ್. ನಾನು ಯಾರೋ ಲೇಬರ್ ಕ್ಯಾಂಪ್ ಹಾಕ್ಯಾರ ಅಂದ್ಕೊಂಡೆ.”

“ಬರ್ರಿ, ತೋರಸ್ತೀನಿ. ಎರಡು ನಿಮಿಷ ನಡಿಗಿ.”

“ಬಂದ್ರೂ ಹೂವು ನನ್ ಕಣ್ಣಿಗೆ ಕಾಣತದ ಸಾರ್, ಫೈಲಿಗೆ ಕಾಣಲ್ಲ. ನೀವು ಒಂದ್ ಕೆಲಸ ಮಾಡ್ರಿ. ‘ಡೇಲಿಯಾ ಅಂತ ಬರೀಬೇಕಿತ್ತು, ಡೇರೆ ಅಂತ ತಪ್ಪಾಗಿ ಬರದೀನಿ’ ಅಂತ ಒಂದ್ ಲೈನ್ ಕೊಡ್ರಿ. ಇವತ್ತೇ ಕ್ಲೋಸ್.”

ಹಾಳೆ ಮುಂದೆ ಬಂತು. ಹುಲುಗೇಶ ಪೆನ್ನು ಹಿಡಿದ, ‘ತಪ್ಪಾಗಿ’ ಎಂಬಲ್ಲಿಗೆ ಬಂದು ಪೆನ್ನು ಇಟ್ಟ.

“ತಪ್ಪಲ್ರಿ ಅದು.”

“ಒಂದ್ ಪದ ಸಾರ್.”

“ಒಂದ ಆಗ್ಲಿ. ತಪ್ಪಲ್ಲ.”

ರಾಮಾಂಜಿನಿ ಅವನ ಮುಖವನ್ನೇ ನೋಡಿದ. ಎದುರಿಗಿರುವವನು ಪದದ ಬಗ್ಗೆ ಮಾತಾಡುತ್ತಿಲ್ಲ ಎಂದು ಮೂರು ತಿಂಗಳ ಕನ್ನಡಕ್ಕೂ ಅರ್ಥವಾಯಿತು. “ಹಂಗಾದ್ರ ಇನ್ನೊಂದು ದಾರಿ ಐತಿ,” ಎಂದ. “ಡೇರೆ ಅಂದ್ರ ಹೂವು ಅಂತ ಕನ್ನಡ ಬಲ್ಲ ಸರ್ಕಾರಿ ನೌಕರರು ಯಾರಾದ್ರೂ ಸರ್ಟಿಫಿಕೇಟ್ ಕೊಡಬೇಕು. ಸೀಲ್ ಇರಬೇಕು. ಕನ್ನಡ ಟೀಚರ್ ಯಾರಾದ್ರೂ ಗೊತ್ತಾ ನಿಮಗ?”

ಹುಲುಗೇಶ ಕುರ್ಚಿಯಿಂದ ಎದ್ದ ವೇಗಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಕೊನೆಗೂ ಜಾಬ್ ಕಾರ್ಡ್ ಸಿಕ್ಕಿತ್ತು.

ಮರುದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಡೂರಿನಲ್ಲಿ ಬಸ್ಸು ಹಿಡಿದ. ಹೊಸಪೇಟೆಯಲ್ಲಿ ಬಸ್ಸು ಬದಲಿಸಿದ. ಕಮಲಾಪುರ ದಾಟಿದ ಮೇಲೆ ಎರಡೂ ಕಡೆ ಬಾಳೆ, ಕಬ್ಬು. ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಬಂಡಿಯವನು ಪರಿಚಯದ ನಗೆ ನಕ್ಕ. ಈ ಸಲ ಹುಲುಗೇಶ ಅವನನ್ನು ನೋಡದವನಂತೆ ನೇರ ಮೆಟ್ರಿಯ ಆಟೋ ಹತ್ತಿದ. ಹಾದಿಯುದ್ದಕ್ಕೂ ಗದ್ದೆಯಲ್ಲಿ ಹೆಂಗಸರು ಭತ್ತದ ನಾಟಿ ಮಾಡುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಸುಧಾರಾಣಿ ಟೀಚರ್ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನನ್ನು ಕಂಡು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

“ಹುಲುಗೇಶ್! ಕುಂದ್ರಿ. ಹೂ ಬಿಟ್ಟಾವೇನು?”

“ಇನ್ನೂ ಇಲ್ರಿ. ಇಪ್ಪತ್ತಾರಕ್ಕ ಬಿಡ್ತಾವು.”

“ಹೂವಿಗೆ ಆರ್ಡರ್ ಕೊಟ್ಟೀರೇನ್ರಿ?”

“ವಿನಂತಿ ಮಾಡ್ಕೊಂಡೀನ್ರಿ.”

ಅವರು ನಕ್ಕರು. ಅವನು ನೋಟಿಸು ಕೊಟ್ಟ. ಓದುತ್ತ ಓದುತ್ತ ಅವರ ನಗು ದೊಡ್ಡದಾಯಿತು, ‘ವಾಸವಿರುವವರ ವಿವರ’ಕ್ಕೆ ಬಂದಾಗ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, “ಎಲ್ರಂಗ ಡೇಲಿಯಾ ಅಂತ ಬರೀಬಾರದಿತ್ತೇನ್ರಿ?” ಎಂದು ಕೇಳಿದರು.

“ನೀವು ಹಂಗ ಹೇಳಿಕೊಟ್ಟಿದ್ದಿಲ್ಲಲ್ರಿ.”

ಟೀಚರ್ ನೋಟಿಸನ್ನು ಮಡಿಚಿ ಪಕ್ಕಕ್ಕಿಟ್ಟರು. ಆಮೇಲೆ ಒಂದು ಬಿಳಿ ಹಾಳೆ ತೆಗೆದು, ಕಪ್ಪು ಹಲಗೆಯ ಮೇಲೆ ಬರೆದಷ್ಟು ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದರು. ಬರೆದು ಮುಗಿಸಿ, ಹೆಡ್ ಮಾಸ್ತರರ ಒಪ್ಪಿಗೆ ಪಡೆದು, ದುಂಡು ಸೀಲು ಒತ್ತಿಸಿಕೊಂಡು ಬಂದರು.

“ಈ ಸಲ ಖಂಡಿತ ಬರ್ತೀರಲ್ರಿ?” ಹುಲುಗೇಶ ಕೇಳಿದ.

“ಬರಲೇಬೇಕ್ರಿ. ಕಂಪನಿ ಲೆಟರ್ ಬಂದೈತಂತ ಆವತ್ತು ಹೊರಗಿನ ಡ್ಯೂಟಿ, ಓ.ಓ.ಡಿ., ಕೊಟ್ಟಾರ. ಇಲ್ಲಾಂದ್ರ ಜನವರಿ ಇಪ್ಪತ್ತಾರಕ್ಕ ಧ್ವಜಾ ಬಿಟ್ಟು ಯಾವ ಟೀಚರ್ರನ್ನ ಹೊರಗ ಬಿಡ್ತಾರ?” ಹಾಳೆಯನ್ನು ಅವನ ಕೈಗೆ ಕೊಟ್ಟರೂ ಬಿಡಲಿಲ್ಲ, ಒಂದು ಅಂಚು ಅವರ ಬೆರಳಲ್ಲೇ ಇತ್ತು. “ಬರೀ ಇದಕ್ಕ ಇಷ್ಟು ದೂರ ಬಂದ್ರೇನು? ಇನ್ನೇನೋ ಹೇಳೋದು ಐತಿ ಅನಸ್ತೈತಿ.”

ಪಕ್ಕದ ಮೇಜಿನ ಗಣಿತದ ಮಾಸ್ತರರು ಚೀಲ ಹುಡುಕುವ ನೆಪದಲ್ಲಿ ಕಿವಿ ಈ ಕಡೆ ತಿರುಗಿಸಿದರು.

“ಐತ್ರಿ,” ಎಂದ ಹುಲುಗೇಶ. “ಹೂವಿನ ಮುಂದ ಹೇಳ್ತೀನಿ.”

“ಆತ್ರಿ. ನಾನೂ ಅಲ್ಲೇ ಕೇಳ್ತೀನಿ.”

ಹಾಳೆಯ ಅಂಚು ಬಿಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಅವನು ಅದನ್ನು ಓದಿದ. ‘ಡೇರೆ ಎಂಬುದು ಒಂದು ಹೂವಿನ ಹೆಸರು ಎಂದು ಈ ಮೂಲಕ ದೃಢೀಕರಿಸುತ್ತೇನೆ. ಶ್ರೀ ಹುಲುಗೇಶ್ ಅವರು ಬೆಳೆಸಿರುವುದು ಇದೇ ಹೂವನ್ನು. ಅವರು ಈ ಗಿಡಗಳನ್ನು ಆರು ವರ್ಷಗಳಿಂದ ನಂಬಿಕೆಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಅವರು ನನಗೆ ವೈಯಕ್ತಿಕವಾಗಿ ತಿಳಿದವರು.’

ನಡತೆ ಪ್ರಮಾಣಪತ್ರಗಳಲ್ಲಿ ಆ ಕೊನೆಯ ವಾಕ್ಯ ಇದ್ದೇ ಇರುತ್ತದೆ. ಶಾಲೆ ಬಿಡುವ ಪ್ರತಿಯೊಬ್ಬರಿಗೂ ಹೆಡ್ ಮಾಸ್ತರರು ವೈಯಕ್ತಿಕವಾಗಿ ತಿಳಿದವರೇ. ಹುಲುಗೇಶನಿಗೂ ಅದು ಗೊತ್ತು. ಆದರೂ ಕಮಲಾಪುರ ಬರುವಷ್ಟರಲ್ಲಿ ಅದನ್ನು ಹನ್ನೊಂದು ಸಲ ಓದಿದ್ದ. ಬೇರೆಯವರಿಗೆ ಪ್ರೇಮಪತ್ರ ಬರುತ್ತದೆ. ಅವನಿಗೆ ಪ್ರಮಾಣಪತ್ರ ಬಂದಿತ್ತು, ಅದೂ ಸೀಲು ಸಮೇತ. ಹೊಸಪೇಟೆಯಲ್ಲಿ ಇಳಿದು ಒಂದು ಜೆರಾಕ್ಸ್ ಮಾಡಿಸಿದ. ಆಫೀಸಿಗೆ ಯಾವುದನ್ನು ಕೊಡುವುದು ಎಂಬ ಬಗ್ಗೆ ಸಂಡೂರಿನವರೆಗೂ ಯೋಚಿಸಿದ. ರಾಮಾಂಜಿನಿ ಒರಿಜಿನಲ್ಲೇ ಬೇಕು ಎಂದ.

ಇಪ್ಪತ್ತೊಂದಕ್ಕೆ ಗೇಟಿನಿಂದ ನಾಲ್ಕನೆಯ ಗಿಡದ ಮೊಗ್ಗು ಬಾಯಿ ಬಿಟ್ಟಿತು. ಇಪ್ಪತ್ತಮೂರಕ್ಕೆ ಒಂಬತ್ತು. ಇಪ್ಪತ್ತೈದರ ಬೆಳಿಗ್ಗೆ ಮೂವತ್ತೊಂದು ಗಿಡದಲ್ಲಿ ಊಟದ ತಟ್ಟೆಯಷ್ಟು ಅಗಲದ ಹೂಗಳು, ಎಸಳಿನ ಮೇಲೆ ಎಸಳು. ಮಿಕ್ಕ ಐದು ನಾಳೆಗೆ ಸಿದ್ಧ. ಕೆಲಸಕ್ಕೆ ಹೊರಟವರು ಬೇಲಿಯ ಹತ್ತಿರ ಬೈಕ್ ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಯಲ್ಲಕ್ಕ ಮಾತ್ರ ಏನೂ ಅನ್ನದೆ, ತನ್ನ ಅಂಗಳದ ಪೈಪನ್ನು ಬೇಲಿಯ ಮೇಲಿಂದ ಇತ್ತ ಎಸೆದಳು. “ನನ್ ಪಾಲಿನ ನೀರೂ ಹಾಕ್ಕ,” ಎಂದಳು.

ಸಂಜೆ ನಾಲ್ಕೂ ಮುಕ್ಕಾಲಿಗೆ ಎಸ್ಟೇಟ್ ಸೆಕ್ಷನ್ನಿನಿಂದ ಫೋನು.

“ಬರ್ರಿ ಸಾರ್. ಆರ್ಡರ್ ಬಂದೈತಿ.”

ರಾಮಾಂಜಿನಿ ಕಿಟಕಿಯಲ್ಲೇ ಕಾಯುತ್ತಿದ್ದ. “ನೋಟಿಸ್ ಕ್ಯಾನ್ಸಲ್! ಡೇರೆ ಅಂದ್ರ ಹೂವೇ ಅಂತ ಕಂಪನಿ ಲಿಖಿತವಾಗಿ ಒಪ್ಕೊಂಡೈತಿ. ಬಿ-17 ಲಿಸ್ಟಿಗೆ ಬಂತು.”

“ಭಾಳ ಉಪಕಾರ ಆತ್ರಿ ನಿಮ್ಮಿಂದ.”

“ಆದ್ರ ಸಾರ್...” ರಾಮಾಂಜಿನಿ ಎರಡನೇ ಹಾಳೆಯನ್ನು ತಿರುಗಿಸಿ ಇಟ್ಟ. “ಹೂ ಪಾಸ್. ಮೇಡಂ ಫೇಲ್.”

ಹುಲುಗೇಶನಿಗೆ ಅರ್ಥವಾಗಲಿಲ್ಲ. ರಾಮಾಂಜಿನಿ ಓದಿದ. ಸ್ಪರ್ಧೆಯ ನಿಯಮ ಒಂಬತ್ತು: ಸ್ಪರ್ಧಿಯೊಂದಿಗೆ ವೈಯಕ್ತಿಕ ಪರಿಚಯವುಳ್ಳವರು ತೀರ್ಪುಗಾರರಾಗತಕ್ಕದ್ದಲ್ಲ. ಬಾರ್ಡರ್ ವಿಭಾಗದ ತೀರ್ಪುಗಾರರು ಸ್ಪರ್ಧಿಯೊಬ್ಬರು ತಮಗೆ ವೈಯಕ್ತಿಕವಾಗಿ ತಿಳಿದವರೆಂದು ಸಹಿ, ಸೀಲಿನೊಂದಿಗೆ ದೃಢೀಕರಿಸಿರುವುದು ಕಮಿಟಿಯ ಗಮನಕ್ಕೆ ಬಂದಿರುವ ಕಾರಣ, ಅವರಿಗೆ ನೀಡಿದ್ದ ಆಹ್ವಾನವನ್ನು ಹಿಂಪಡೆಯಲಾಗಿದೆ. ಪ್ರತಿ: ಮೆಟ್ರಿ ಶಾಲೆಗೆ, ಓ.ಓ.ಡಿ. ರದ್ದುಪಡಿಸಲು.

“ಆರು ವರ್ಷದ ಹಿಂದ ಇಲ್ಲೇ ಇದ್ದೋರು! ಇಡೀ ಕಾಲೋನಿ ಪರಿಚಯ ಐತಲ್ರಿ ಅವ್ರಿಗೆ!”

“ಪರಿಚಯ ಎಲ್ರದೂ ಐತಿ ಸಾರ್,” ರಾಮಾಂಜಿನಿಯ ಧ್ವನಿ ಮೆತ್ತಗಾಯಿತು. “ಬರವಣಿಗ್ಯಾಗ ಕೊಟ್ಟಿದ್ದು ನಿಮಗೊಬ್ರಿಗೇ.”

ಹುಲುಗೇಶ ಕಿಟಕಿಯ ಸರಳು ಹಿಡಿದು ನಿಂತ. ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ.

“ಒಂದ್ ಚಾನ್ಸ್ ಐತಿ,” ಎಂದ ರಾಮಾಂಜಿನಿ. “ಐದೂವರಿ ಒಳಗ ಮೇಡಂ ಒಂದ್ ಲೈನ್ ಕೊಟ್ರ ಸಾಕು. ‘ಹೂವು ಗೊತ್ತು, ಸದರಿ ಮನುಷ್ಯ ನನಗ ವೈಯಕ್ತಿಕವಾಗಿ ಗೊತ್ತಿಲ್ಲ’ ಅಂತ. ವಾಟ್ಸಾಪ್ ಆದ್ರೂ ನಡೀತದ. ಪ್ರಿಂಟ್ ಹಾಕಿ ಫೈಲಿಗೆ ಹಚ್ಚಿ, ಆರ್ಡರ್ ವಾಪಸ್ ತಗೋಸ್ತೀನಿ. ನಾಳಿ ಜೀಪು ಹೋಗತದ. ನಾನ ಕಳಸ್ತೀನಿ.”

ಹುಲುಗೇಶ ಫೋನು ಹಚ್ಚಿದ. ಆ ಕಡೆ ಮೊದಲ ರಿಂಗಿಗೇ ಎತ್ತಿದರು. ಹಿಂದೆ ಯಾರೋ ನಾಳಿನ ಕಾರ್ಯಕ್ರಮಕ್ಕೆ ಹಲೋ ಹಲೋ ಎಂದು ಮೈಕು ಪರೀಕ್ಷಿಸುತ್ತಿದ್ದರು.

“ವಾಟ್ಸಾಪಿಗೆ ಲೆಟರ್ ಬಂತ್ರಿ, ಹುಲುಗೇಶ್. ಈಗ ನೋಡಿದೆ.”

“ಒಂದು ದಾರಿ ಐತಂತ್ರಿ.” ರಾಮಾಂಜಿನಿ ಹೇಳಿದ ವಾಕ್ಯವನ್ನು ಅವನು ಹಾಗೇ ಒಪ್ಪಿಸಿದ. ‘ಗೊತ್ತಿಲ್ಲ’ ಎಂಬ ಕೊನೆಯ ಪದವನ್ನು ಮಾತ್ರ ಕೆಮ್ಮಿದ ಹಾಗೆ ಮಾಡಿ ಮುಗಿಸಿದ.

ಆ ಕಡೆ ಮೈಕಿನ ಸದ್ದಷ್ಟೇ ಕೇಳಿಸುತ್ತಿತ್ತು. ಬಾಗಿಲು ಮುಚ್ಚಿದ ಸಪ್ಪಳದ ನಂತರ ಅದೂ ಇಲ್ಲ.

“ಎಷ್ಟು ಬಿಟ್ಟಾವ್ರಿ?”

“ಮೂವತ್ತೊಂದು. ಐದು ನಾಳಿ ಬಿಡ್ತಾವು.”

“ಬೆಳ್ಳಗ ಅದಾವೇನು?”

“ಬೆಳ್ಳಗ ಅದಾವ್ರಿ. ಇವತ್ತು ಎರಡು ಸಲ ತೊಳದೀನಿ.”

ಆಮೇಲೆ ಟೀಚರ್ ಕೇಳಿದರು: “ಬರೀಲೇನ್ರಿ? ನೀವು ಹೂಂ ಅಂದ್ರ ಈಗ ಬರದು ಕಳಸ್ತೀನಿ.”

ಅವರ ಬಾಯಿಂದ ಒಂದು ಹೂಂ ಕೇಳುವುದಕ್ಕೆ ಆರು ವರ್ಷ ಹೂ ಬೆಳೆಸಿದವನಿಗೆ, ಅವರೇ ಈಗ ಹೂಂ ಅನ್ನಿ ಎನ್ನುತ್ತಿದ್ದರು. ಹೂವಿಗೂ ಹೂಂಗೂ ನಡುವೆ ಒಂದು ಸೊನ್ನೆಯ ಅಂತರ. ಐದೂ ಇಪ್ಪತ್ತು. ರಾಮಾಂಜಿನಿ ಪ್ರಿಂಟರಿನ ಸ್ವಿಚ್ಚು ಒತ್ತಿ, ಹಾಳೆ ಜೋಡಿಸಿ, ಇವನ ಕಡೆ ನೋಡುತ್ತ ಕುಳಿತಿದ್ದ.

ಹುಲುಗೇಶ ಕೆಳಗೆ ನೋಡಿದ. ಕಿಟಕಿಯ ಕಟ್ಟೆಯ ಮೇಲೆ ಅವನ ಫೈಲು ತೆರೆದೇ ಇತ್ತು. ಅದರೊಳಗೆ ದುಂಡಗಿನ ಅಕ್ಷರ, ಕೊನೆಯ ಸಾಲು.

“ಬ್ಯಾಡ್ರಿ, ಟೀಚರ್ರೇ,” ಎಂದ. “ಬರದದ್ದು ಬರದಂಗ ಇರ್ಲಿ.”

“ಆತ್ರಿ.” ಉಸಿರು ಬಿಟ್ಟ ಸದ್ದು ಕೇಳಿಸಿತು. “ನೀವು ಹೂಂ ಅಂದಿದ್ರ ಏನ್ ಮಾಡ್ಲಿ ಅಂತ ಹೆದರಿದ್ದೆ.”

ಮೈಕಿನವರು ಅವರನ್ನು ಕೂಗಿದರು. ಫೋನು ಕಟ್ ಆಯಿತು.

ಐದೂವರೆಗೆ ರಾಮಾಂಜಿನಿ ಪ್ರಿಂಟರ್ ಆಫ್ ಮಾಡಿದ. ಹೊಸಪೇಟೆಯ ನರ್ಸರಿಯವರೊಬ್ಬರು ನಾಳೆ ಹನ್ನೊಂದಕ್ಕೆ ಬರುತ್ತಾರೆ, ಹೂವಿನ ವಿಷಯದಲ್ಲಿ ಭಾರಿ ಜಾಣರು ಎಂದು ಸಮಾಧಾನ ಹೇಳಿದ. ಆಮೇಲೆ ಅಚ್ಚು ಹಾಕಿದ ಫಾರಮ್ಮೊಂದನ್ನು ಕಿಟಕಿಯಿಂದ ಹೊರಗೆ ತಳ್ಳಿ, ಬೆರಳಿಟ್ಟು ಜಾಗ ತೋರಿಸಿದ.

“ತೀರ್ಪುಗಾರರು ಚೇಂಜ್ ಆದ್ರ ಸ್ಪರ್ಧಿ ಸೈನ್ ಬೇಕು ಸಾರ್. ಇಲ್ಲಿ. ‘ನನ್ನ ಆಕ್ಷೇಪಣೆ ಏನೂ ಇಲ್ಲ’ ಅಂತ.”